ಆಸ್ಪತ್ರೆಯಿಂದ ಬಂದಾಯಿತು, ಕುಡಿತ ನಿಂತಿದೆ. ಇನ್ನು ಸಭೆ ಹುಡುಕುವುದು ಹೇಗೆ?

ಕಲ್ಪತರು ನಾಡಿನವ:
ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯವನು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಗ್ಗೆ ಎದ್ದ ಕೂಡಲೇ ಒಂದು ನೈಂಟಿ ಒಳಗೆ ಹೋಗದಿದ್ದರೆ ಪೆನ್ನು ಹಿಡಿಯಲು ಕೈ ನಿಲ್ಲದ ಹಂತಕ್ಕೆ ಬಂದಿತ್ತು. ಮನೆಯವರು ಆಸ್ಪತ್ರೆಗೆ ಸೇರಿಸಿದರು. ಈಗ ಡಿಸ್ಚಾರ್ಜ್ ಆಗಿದೆ. ನಡುಕ ಇಲ್ಲ, ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ಡಾಕ್ಟರ್ ಮಾತ್ರೆ ಬರೆದುಕೊಟ್ಟು ಕೊನೆಗೆ "ಎಎ ಸಭೆಗೆ ಹೋಗಿ" ಎಂದರು. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಂತೆ. ಎಲ್ಲಿ, ಯಾವಾಗ ಎಂದು ಕೇಳುವಷ್ಟರಲ್ಲಿ ಮುಂದಿನ ಪೇಷೆಂಟ್ ಒಳಗೆ ಬಂದಾಗಿತ್ತು.

ನನಗೆ ಹೆದರಿಕೆ ಇರುವುದು ಸಂಜೆ ಹೊತ್ತಿನದು. ಹರಾಜು ಮುಗಿದ ದಿನ ಮಂಡಿಯ ಹಿಂದೆ ಎಲ್ಲರೂ ಸೇರುತ್ತಾರೆ. ಅವರೇನೂ ಕೆಟ್ಟವರಲ್ಲ, ಕಷ್ಟಕ್ಕೆ ಆದವರೇ. "ಬಾರೋ, ನೀನು ಬರೀ ಸೋಡಾ ಕುಡಿ" ಎಂದು ಕರೆಯುತ್ತಾರೆ. ಒಂದು ದಿನ ಇಲ್ಲ ಅನ್ನಬಹುದು, ಎರಡು ದಿನ ಅನ್ನಬಹುದು. ಆಮೇಲೆ ಎಲ್ಲಿಗೆ ಹೋಗಲಿ? ಅವರನ್ನು ಬಿಟ್ಟರೆ ನನಗೆ ಬೇರೆ ಗೆಳೆಯರೇ ಇಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಕನ್ನಡದಲ್ಲಿ ನಡೆಯುವ ಸಭೆ ಎಲ್ಲಿದೆ, ಹುಡುಕುವುದು ಹೇಗೆ? ದುಡ್ಡು ಎಷ್ಟು ಕಟ್ಟಬೇಕು? ಆಧಾರ್ ಕೇಳುತ್ತಾರಾ? ಎಲ್ಲರ ಮುಂದೆ ನಿಂತು ಮಾತಾಡಲೇಬೇಕಾ? ಗುರುತಿನವರು ಯಾರಾದರೂ ಅಲ್ಲಿ ಸಿಕ್ಕಿಬಿಟ್ಟರೆ ಏನು ಮಾಡುವುದು?

ಕಡಲ ತಡಿಯವ:
ಬನ್ನಿ ತಮ್ಮಾ. ನಾನು ಮಂಗಳೂರಿನವನು, ಎಎ ಸದಸ್ಯ, ಕುಡಿಯದೆ ವರ್ಷಗಳೇ ಆದವು. ನಿಮ್ಮ ಪ್ರಶ್ನೆಗಳಿಗೆ ಒಂದೊಂದಾಗಿ ಹೇಳುತ್ತೇನೆ, ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ದುಡ್ಡು ಇಲ್ಲ. ಫೀಸೂ ಇಲ್ಲ, ಸದಸ್ಯತ್ವದ ಶುಲ್ಕವೂ ಇಲ್ಲ. ಸಭೆಯ ಕೊನೆಯಲ್ಲಿ ಒಂದು ಚೀಲ ಅಥವಾ ಡಬ್ಬಿ ಸುತ್ತಿ ಬರುತ್ತದೆ, ಹಾಲ್ ಬಾಡಿಗೆಗೆ, ಟೀಗೆ. ಸದಸ್ಯರು ತಮಗೆ ಆದಷ್ಟು ಹಾಕುತ್ತಾರೆ. ಹೊಸಬರು ಹಾಕಲೇಬೇಕು ಎಂದು ಯಾರೂ ಹೇಳುವುದಿಲ್ಲ. ಸರ್ಕಾರದಿಂದಾಗಲಿ ಕಂಪನಿಯಿಂದಾಗಲಿ ಎಎ ದುಡ್ಡು ತೆಗೆದುಕೊಳ್ಳುವುದಿಲ್ಲ, ಅದು ನಮ್ಮ ನಿಯಮ.

ಆಧಾರ್ ಇಲ್ಲ, ರಿಜಿಸ್ಟರ್ ಇಲ್ಲ, ಹಾಜರಿ ಇಲ್ಲ. ನಿಮ್ಮ ಹೆಸರು ಏನು ಹೇಳುತ್ತೀರೋ ಅದೇ ಹೆಸರು. ಸೇರುವುದಕ್ಕೆ ಬೇಕಾದ್ದು ಒಂದೇ, ಕುಡಿತ ನಿಲ್ಲಿಸಬೇಕು ಅನ್ನುವ ಆಸೆ. ನಿಲ್ಲಿಸಿ ಬರಬೇಕು ಅಂತಲೂ ಇಲ್ಲ, ಆಸೆ ಇದ್ದರೆ ಸಾಕು.

ಮಾತಾಡಲೇಬೇಕು ಅಂತ ಇಲ್ಲ. ನಿಮ್ಮ ಸರದಿ ಬಂದಾಗ "ಇವತ್ತು ಕೇಳಿಸಿಕೊಳ್ಳುತ್ತೇನೆ" ಎಂದರೆ ಮುಂದಿನವರಿಗೆ ಹೋಗುತ್ತದೆ. ಮೊದಮೊದಲು ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಟೀ ಕುಡಿದು ಎದ್ದು ಬರುತ್ತಿದ್ದೆ. ಯಾರೂ ಏನೂ ಕೇಳಲಿಲ್ಲ.

ಇನ್ನು ಗುರುತಿನವರು ಸಿಕ್ಕರೆ ಅಂತ ಕೇಳಿದಿರಿ. ಅವರು ಅಲ್ಲಿ ಯಾಕೆ ಕೂತಿದ್ದಾರೆ ಹೇಳಿ? ನೀವು ಬಂದ ಕಾರಣಕ್ಕೇ ಅವರೂ ಬಂದಿದ್ದಾರೆ. ಅಲ್ಲಿ ಕಂಡವರು, ಅಲ್ಲಿ ಕೇಳಿದ್ದು ಹೊರಗೆ ಹೋಗಬಾರದು ಎಂದು ಸಭೆಗಳಲ್ಲಿ ನೆನಪಿಸುತ್ತಾರೆ.

ಹುಡುಕುವುದು ಹೀಗೆ. ಭಾರತದ ಎಎ ವೆಬ್‌ಸೈಟಿನಲ್ಲಿ ಊರಿನ ಪ್ರಕಾರ ಸಭೆಗಳ ಪಟ್ಟಿ ಇದೆ, ಸಹಾಯವಾಣಿ ನಂಬರೂ ಇದೆ. ಪಟ್ಟಿ ನೋಡಿ ನೇರ ಹೋಗಬೇಡಿ. ಜಾಗ ಬದಲಾಗಿರುತ್ತದೆ, ದಿನ ಬದಲಾಗಿರುತ್ತದೆ. ಮೊದಲು ಫೋನ್ ಮಾಡಿ ಮೂರು ಮಾತು ಕೇಳಿ: ಈ ವಾರ ಸಭೆ ಇದೆಯಾ, ಯಾವ ಭಾಷೆಯಲ್ಲಿ, ತೆರೆದ ಸಭೆಯಾ ಮುಚ್ಚಿದ ಸಭೆಯಾ. ತೆರೆದ ಸಭೆಗೆ ಮನೆಯವರೂ ಬಂದು ಕೂರಬಹುದು. ಮುಚ್ಚಿದ್ದು ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಬೆಂಗಳೂರಿನಲ್ಲಿ, ನಮ್ಮ ಮಂಗಳೂರಿನಲ್ಲಿ, ಮೈಸೂರಿನಲ್ಲಿ ಗುಂಪುಗಳಿವೆ. ಬೆಂಗಳೂರಿನಲ್ಲಿ ಕನ್ನಡದ್ದೂ ಇವೆ, ತಮಿಳಿನದೂ ಇವೆ, ಇಂಗ್ಲಿಷಿನದೂ ಇವೆ. ಫೋನ್ ಎತ್ತುವವರು ಆಫೀಸಿನವರಲ್ಲ, ನಮ್ಮ ಹಾಗೆ ಕುಡಿತ ಬಿಟ್ಟವರೇ. ಮುಚ್ಚುಮರೆ ಬೇಕಿಲ್ಲ.

ನೇರ ಮಾತು:
ನನ್ನ ಅಭಿಪ್ರಾಯ ಹೇಳುತ್ತೇನೆ. ನಮ್ಮ ದೊಡ್ಡಪ್ಪ ಒಂದು ದಿನ ಬೆಳಗ್ಗೆ ಇನ್ನು ಮುಟ್ಟಲ್ಲ ಎಂದರು, ಮುಟ್ಟಲಿಲ್ಲ. ಮನಸ್ಸು ಗಟ್ಟಿ ಇದ್ದರೆ ಸಭೆ ಗಿಬೆ ಯಾಕೆ ಬೇಕು? ನಾಲ್ಕು ಜನ ಕುಡುಕರು ಒಂದು ಕಡೆ ಸೇರಿದರೆ ಮತ್ತೆ ಕುಡಿತದ ಮಾತೇ ಬರುತ್ತದೆ. ಅದಕ್ಕಿಂತ ಕೆಲಸದಲ್ಲಿ ಮುಳುಗಿ, ಬೆಳಗ್ಗೆ ವಾಕಿಂಗ್ ಮಾಡಿ.

ಸಮಾಜಕಾರ್ಯ ಓದಿದವಳು:
ನಿಮ್ಮ ದೊಡ್ಡಪ್ಪನವರಿಗೆ ಹಾಗೇ ಬಿಡಲು ಸಾಧ್ಯವಾಗಿದ್ದು ಒಳ್ಳೆಯದೇ ಆಯಿತು. ಆದರೆ ದಿನವೂ ಬೆಳಗಿನಿಂದ ಕುಡಿಯುವವರು ಇದನ್ನು ಓದಿ ನಾಳೆಯಿಂದ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿಬಿಟ್ಟರೆ ಜೀವಕ್ಕೇ ಅಪಾಯ ಇದೆ, ಅದಕ್ಕೆ ಇದನ್ನು ಬರೆಯಲೇಬೇಕು. ನಾನು ವ್ಯಸನ ಚಿಕಿತ್ಸೆಯ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ.

ಜಾಸ್ತಿ ಕುಡಿಯುವ ದೇಹ ಮದ್ಯಕ್ಕೆ ಒಗ್ಗಿಕೊಂಡಿರುತ್ತದೆ. ಒಮ್ಮೆಲೇ ನಿಂತರೆ ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಜ್ವರ, ಬೆವರು, ಗೋಡೆಯ ಮೇಲೆ ಹುಳ ಹರಿದಾಡಿದ ಹಾಗೆ ಕಾಣುವುದು, ದಿಕ್ಕು ತೋಚದಿರುವುದು ಶುರುವಾಗುತ್ತದೆ. ಊರಲ್ಲಿ ಇದನ್ನು ಗಾಳಿ ಸೋಕಿದೆ ಎಂದುಕೊಂಡು ಹೊತ್ತು ಕಳೆಯುತ್ತಾರೆ. ಇದು ಎಮರ್ಜೆನ್ಸಿ. ಆಸ್ಪತ್ರೆಯಲ್ಲಿ ಇದಕ್ಕೆ ಮಾತ್ರೆ ಇದೆ, ವಿಟಮಿನ್ ಬಿ1 ಇಂಜೆಕ್ಷನ್ ಕೊಡುತ್ತಾರೆ, ಒಂದು ವಾರ ಹತ್ತು ದಿನದಲ್ಲಿ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದವರು, ಬೆಳಗ್ಗೆ ಕೈ ನಡುಗುವವರು ಮನೆಯಲ್ಲಿ ಪ್ರಯತ್ನ ಮಾಡಲೇಬಾರದು.

ಇನ್ನು ಮನಸ್ಸು ಗಟ್ಟಿ ಮಾಡುವ ವಿಷಯ. ನಮ್ಮ ವಾರ್ಡಿಗೆ ಬರುವವರಲ್ಲಿ ಮನಸ್ಸು ಗಟ್ಟಿ ಇಲ್ಲದವರು ಕಡಿಮೆ. ಒಂದೊಂದು ದೇವಸ್ಥಾನದಲ್ಲಿ ಒಂದೊಂದು ಆಣೆ ಮಾಡಿ ಬಂದವರು ಅವರು. ಆಸ್ಪತ್ರೆ ಮೈಯಿಂದ ಮದ್ಯ ಇಳಿಸಿ ಕಳಿಸುತ್ತದೆ. ಆಮೇಲೆ ಅದೇ ಬೀದಿ, ಅದೇ ಗೆಳೆಯರು, ಅದೇ ಸಂಜೆ ಆರು ಗಂಟೆ. ಅಲ್ಲಿ ಜೊತೆಗೆ ಯಾರಿರುತ್ತಾರೆ? ಈ ತಿಪಟೂರಿನವರು ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆ, ಸರಿಯಾದ ಹೊತ್ತಿನಲ್ಲಿ ಕೇಳಿದ್ದಾರೆ.

ಸಭೆಯಿಂದ ಪ್ರಯೋಜನ ಇದೆಯಾ ಅನ್ನುವುದು ನಂಬಿಕೆಯ ಮಾತು ಮಾತ್ರ ಅಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ಒಂದು ಪರಾಮರ್ಶೆ 2020ರಲ್ಲಿ ಬಂತು. 27 ಅಧ್ಯಯನ, 10,565 ಜನ. ಎಎಗೆ ಜನರನ್ನು ಸರಿಯಾಗಿ ಪರಿಚಯಿಸಿ ಜೋಡಿಸುವ ಚಿಕಿತ್ಸೆಯನ್ನು ಬೇರೆ ಚಿಕಿತ್ಸೆಗಳ ಜೊತೆ ಹೋಲಿಸಿ ನೋಡಿದರು. ಪೂರ್ತಿ ಕುಡಿಯದೆ ಇರುವ ವಿಷಯದಲ್ಲಿ ಅದರ ಫಲಿತಾಂಶ ಚೆನ್ನಾಗಿತ್ತು. ಇಲ್ಲಿ ಗಮನಿಸಬೇಕಾದ್ದು "ಸರಿಯಾಗಿ ಜೋಡಿಸುವ" ಅನ್ನುವ ಮಾತು. "ಎಎಗೆ ಹೋಗಿ" ಎಂದು ಚೀಟಿಯಲ್ಲಿ ಬರೆದರೆ ಸಾಲದು. ಒಬ್ಬ ಸದಸ್ಯರ ಜೊತೆ ಅಲ್ಲೇ ಫೋನಿನಲ್ಲಿ ಮಾತಾಡಿಸಿ, ಇಂಥ ದಿನ ಇಂಥ ಕಡೆ ಇವರು ನಿಮಗೆ ಕಾಯುತ್ತಿರುತ್ತಾರೆ ಎಂದು ಹೇಳಿ ಕಳಿಸಿದರೆ ಜನ ಹೋಗುತ್ತಾರೆ. ಡಿಸ್ಚಾರ್ಜ್ ದಿನ ಯಾರೂ ಇದನ್ನು ಮಾಡದಿದ್ದರೆ ನೀವೇ ವಾರ್ಡಿನ ಸೋಷಿಯಲ್ ವರ್ಕರ್ ಹತ್ತಿರ ಕೇಳಿ. ಕೇಳುವುದು ನಿಮ್ಮ ಹಕ್ಕು.

ಕಲ್ಪತರು ನಾಡಿನವ:
ತುಂಬ ಥ್ಯಾಂಕ್ಸ್ ಮೇಡಂ, ಅಣ್ಣ. ಗುರುತಿನವರ ವಿಷಯದಲ್ಲಿ ಅಣ್ಣ ಹೇಳಿದ್ದು ಓದಿ ಸ್ವಲ್ಪ ಹಗುರ ಆಯಿತು. ಇನ್ನೊಂದು ಅನುಮಾನ. ಇದು ಕ್ರಿಶ್ಚಿಯನ್ನರದ್ದು, ಚರ್ಚಿನಲ್ಲಿ ನಡೆಯುತ್ತದೆ ಎಂದು ನಮ್ಮ ಮಾವ ಹೇಳುತ್ತಿದ್ದಾರೆ. ಹೌದಾ?

ಕಡಲ ತಡಿಯವ:
ಸುಮಾರು ಸಭೆಗಳು ಚರ್ಚಿನ ಹಾಲ್‌ನಲ್ಲಿ ನಡೆಯುವುದು ನಿಜ. ಕಡಿಮೆ ಬಾಡಿಗೆಗೆ ಸಂಜೆ ಹೊತ್ತು ಕೋಣೆ ಸಿಗುತ್ತದೆ, ಅದಕ್ಕೆ. ಶಾಲೆಯಲ್ಲೂ ನಡೆಯುತ್ತದೆ, ಆಸ್ಪತ್ರೆಯಲ್ಲೂ ನಡೆಯುತ್ತದೆ. ಯಾವ ಧರ್ಮಕ್ಕೂ ಎಎ ಸೇರಿದ್ದಲ್ಲ. ನಮ್ಮ ಗುಂಪಿನಲ್ಲಿ ಬ್ಯಾರಿಗಳು ಇದ್ದಾರೆ, ಬಂಟರು ಇದ್ದಾರೆ, ಮೊಗವೀರರು ಇದ್ದಾರೆ, ಕೊಂಕಣಿ ಕ್ರಿಶ್ಚಿಯನ್ನರು ಇದ್ದಾರೆ.

ಇದು ಶುರುವಾದ ಕಥೆ ನಿಮ್ಮ ಮಾವನವರಿಗೆ ಹೇಳಿ. 1935, ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಊರು. ಷೇರು ವ್ಯವಹಾರದ ಬಿಲ್ ಎಂಬವರು ಕೆಲಸದ ಮೇಲೆ ಅಲ್ಲಿಗೆ ಬಂದಿದ್ದರು, ಆ ವ್ಯವಹಾರ ಕೈಕೊಟ್ಟಿತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹೋಟೆಲಿನಲ್ಲಿ ಒಬ್ಬರೇ ಇದ್ದಾರೆ, ಬಾರ್ ಅಲ್ಲೇ ಇದೆ. ಇನ್ನೊಬ್ಬ ಕುಡುಕನ ಜೊತೆ ಮಾತಾಡಿದರೆ ಮಾತ್ರ ನಾನು ಉಳಿಯುತ್ತೇನೆ ಎಂದುಕೊಂಡು ಅವರು ಫೋನ್ ಮಾಡಿ ಹುಡುಕಿದರು. ಸಿಕ್ಕವರು ಬಾಬ್ ಎಂಬ ಸರ್ಜನ್, ಕುಡಿತದಿಂದ ಕೆಲಸವೇ ಹಾಳಾಗುವ ಹಂತದಲ್ಲಿದ್ದವರು. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಬಾಬ್ ಕೊನೆಯ ಸಲ ಕುಡಿದ ಜೂನ್ 10ನ್ನೇ ಎಎ ಹುಟ್ಟಿದ ದಿನ ಎನ್ನುತ್ತಾರೆ. ಅಷ್ಟೇ ವಿಷಯ. ಒಬ್ಬ ಕುಡುಕ ಇನ್ನೊಬ್ಬನ ಹತ್ತಿರ ಬಂದು ನಿಜ ಮಾತಾಡುವುದು.

ಮಲೆನಾಡ ಹುಡುಗ:
ಕೊಪ್ಪದ ಕಡೆಯವನು ನಾನು. ನಮ್ಮಲ್ಲಿ ಎಎ ಅಂದರೆ ಯಾರಿಗೂ ಗೊತ್ತಿಲ್ಲ, ಶಿಬಿರ ಅಂದರೆ ಎಲ್ಲರಿಗೂ ಗೊತ್ತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು, ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರಲ್ಲ, ಅದು. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ. ಊರವರೇ ಸಮಿತಿ ಮಾಡಿಕೊಂಡು ಅಕ್ಕಿ ತೆಂಗಿನಕಾಯಿ ಎಲ್ಲ ಸೇರಿಸಿ ನಡೆಸುತ್ತಾರೆ. ವ್ಯಾಯಾಮ, ಭಜನೆ, ಆಟ, ಸಲಹೆ, ಡಾಕ್ಟರು ಬಂದು ನೋಡುವುದು ಎಲ್ಲ ಇರುತ್ತದೆ.

ನಾನು ಹೇಳಬೇಕೆಂದಿರುವುದು ಆಮೇಲಿನದ್ದು. ಶಿಬಿರ ಮುಗಿದ ಮೇಲೆ ಬಿಟ್ಟವರದ್ದೇ ಒಂದು ನವಜೀವನ ಸಮಿತಿ ಮಾಡುತ್ತಾರೆ. ನಾವೆಲ್ಲ ಅಕ್ಕಪಕ್ಕದ ಊರಿನವರೇ. ತೋಟದ ಕೆಲಸ ಮುಗಿಸಿ ಸೇರುತ್ತೇವೆ. ಯಾರಾದರೂ ಸಭೆಗೆ ಬರಲಿಲ್ಲ ಅಂದರೆ ಇಬ್ಬರು ಬೈಕ್ ಹತ್ತಿ ಅವರ ಮನೆಗೇ ಹೋಗುತ್ತಾರೆ. ಹೋದ ವರ್ಷ ಅಡಿಕೆ ಸುಗ್ಗಿಯಲ್ಲಿ ನಮ್ಮವರೊಬ್ಬರು ಅಡಿಕೆ ಕೊನೆ ಇಳಿಸುವ ಕೊನೆಗೌಡರ ಜೊತೆ ಮತ್ತೆ ಶುರು ಮಾಡಿದ್ದರು. ಸಮಿತಿಯವರು ಹೋಗಿ ಬೈಯಲಿಲ್ಲ. ಅಂಗಳದಲ್ಲಿ ಕೂತು, ಹೆಂಡತಿ ಕೊಟ್ಟ ಕಾಫಿ ಕುಡಿದು, "ನಾಳೆ ಬೆಳಗ್ಗೆ ತೋಟಕ್ಕೆ ನಾನೂ ಬರುತ್ತೇನೆ, ಜೊತೆಗೆ ಕೆಲಸ ಮಾಡೋಣ" ಎಂದು ಒಬ್ಬರು ಹೇಳಿದರು. ಮಾರನೇ ದಿನ ಬಂದೇ ಬಂದರು. ಸುಗ್ಗಿ ಮುಗಿಯುವವರೆಗೂ ಬಂದರು.

ತಿಪಟೂರು ಕಡೆಯೂ ಯೋಜನೆ ಕೆಲಸ ಇದೆ. ಯೋಜನೆಯ ಪರವಾಗಿ ನಿಮ್ಮ ಊರಿನಲ್ಲಿ ಕೆಲಸ ಮಾಡುವ ಸೇವಾಪ್ರತಿನಿಧಿಯನ್ನು ಕೇಳಿ, ಹತ್ತಿರ ನವಜೀವನ ಸಮಿತಿ ಇದ್ದರೆ ಹೇಳುತ್ತಾರೆ. ಸಮಿತಿಗೆ ಸೇರಲು ಶಿಬಿರಕ್ಕೇ ಹೋಗಿರಬೇಕಾ ಎಂದು ಗೊತ್ತಾಗಬೇಕಾದರೆ ಅವರನ್ನೇ ಕೇಳಿ, ಕೇಳುವುದರಿಂದ ನಷ್ಟ ಏನಿಲ್ಲ.

ಹುಬ್ಬಳ್ಳಿ ಅಕ್ಕ:
ಇಲ್ಲಿ ಮನೆಯವರ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕ ಬರೀಲಿಕ್ಕೆ ಬಂದೆ. ನನ್ನ ಯಜಮಾನರು ಕುಡೀತಿದ್ದರು. ಅವರ ಬಾಟ್ಲಿ ಹುಡುಕೋದು, ಚೆಲ್ಲೋದು, ಆಫೀಸಿಗೆ ಫೋನ್ ಮಾಡಿ ಜ್ವರ ಅಂತ ಹೇಳೋದು, ಪಗಾರ ಬಂದ ದಿನ ಗೇಟಿನ ಹತ್ರ ನಿಲ್ಲೋದು, ಇದೇ ನನ್ನ ಬದುಕಾಗಿತ್ತು. ಅವರಿಗೆ ಕುಡಿತದ ಚಟ, ನನಗ ಅವರನ್ನು ಕಾಯೋ ಚಟ.

ಅಲ್-ಅನಾನ್ ಅಂತ ಇದೆ ರೀ, ಕುಡಿಯೋರ ಮನೆಯವರಿಗಾಗಿ. ಎಎ ಶುರು ಮಾಡಿದ ಬಿಲ್ ಅವರ ಹೆಂಡತಿ ಲೋಯಿಸ್ ಇನ್ನೊಬ್ಬ ಸದಸ್ಯರ ಹೆಂಡತಿ ಜೊತೆ ಸೇರಿ 1951ರಲ್ಲಿ ಮಾಡಿದ್ದು. ಹರೆಯದ ಮಕ್ಕಳಿಗೆ ಅಲಟೀನ್ ಅಂತ ಬೇರೆ ಇದೆ. ಅಲ್ಲಿ ಮೊದಲು ಕಲಿಸಿದ್ದು: ಈ ಕುಡಿತಕ್ಕೆ ನೀನು ಕಾರಣ ಅಲ್ಲ, ಇದನ್ನು ತಡೆಯೋದು ನಿನ್ನ ಕೈಯಲ್ಲಿಲ್ಲ, ವಾಸಿ ಮಾಡೋದೂ ನಿನ್ನ ಕೈಯಲ್ಲಿಲ್ಲ. ಅತ್ತೆ ಮನೆಯಲ್ಲಿ ಎಲ್ಲರೂ "ಹೆಂಡತಿ ಸರಿ ಇದ್ದರೆ ಗಂಡ ಯಾಕೆ ಕುಡೀತಾನೆ" ಅಂತಿದ್ದರು. ಅಷ್ಟು ವರ್ಷ ಅದನ್ನು ಕೇಳಿದವಳಿಗೆ ಈ ಮಾತು ಕೇಳಿ ಅಳು ತಡೀಲಿಕ್ಕೆ ಆಗಲಿಲ್ಲ.

ತಮ್ಮಾ, ನಿಮ್ಮ ಹೆಂಡತಿಗೂ ಒಂದು ಜಾಗ ಬೇಕು. ನೀವು ಬಿಟ್ಟ ಕೂಡಲೇ ಅವರ ಹೆದರಿಕೆ ಹೋಗೋದಿಲ್ಲ. ಬಾಯಿ ವಾಸನೆ ನೋಡ್ತಾರೆ, ಜೇಬು ನೋಡ್ತಾರೆ. ಸಿಟ್ಟಾಗಬೇಡಿ.

ಮೌನಿ:
ನಾನು ಓದುತ್ತಿದ್ದೆ ಅಷ್ಟೇ. ಒಂದು ಕೇಳಲಾ? ನಮ್ಮ ಅಣ್ಣನಿಗೆ ಗೊತ್ತಾಗದ ಹಾಗೆ ಕಾಫಿಯಲ್ಲಿ ಕಲಸಿ ಕೊಡುವ ಪುಡಿ ಸಿಗುತ್ತದಂತೆ, ಮೆಡಿಕಲ್ ಸ್ಟೋರಿನವರು ಮಾತ್ರೆಯೂ ಇದೆ ಅಂದರು. ಸಭೆಗೆ ಅವನು ಬರುವುದಿಲ್ಲ. ಅಮ್ಮ ಇದನ್ನೇ ಶುರು ಮಾಡೋಣ ಅನ್ನುತ್ತಿದ್ದಾರೆ.

ಸಮಾಜಕಾರ್ಯ ಓದಿದವಳು:
ದಯವಿಟ್ಟು ಬೇಡ. ಇವತ್ತೇ ಅಮ್ಮನಿಗೆ ಹೇಳಿ.

ಆ ಮಾತ್ರೆ ಬಹುಶಃ ಡೈಸಲ್ಫಿರಾಮ್. ಕುಡಿದ ಮದ್ಯ ಮೈಯಲ್ಲಿ ಕರಗುವಾಗ ಮಧ್ಯದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ, ಅದನ್ನು ಮೈ ಬೇಗ ಒಡೆದುಹಾಕುತ್ತದೆ. ಈ ಮಾತ್ರೆ ಆ ಒಡೆಯುವ ಕೆಲಸವನ್ನೇ ತಡೆಯುತ್ತದೆ. ವಿಷ ಮೈಯಲ್ಲೇ ನಿಲ್ಲುತ್ತದೆ. ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿ, ಬಿಪಿ ಬೀಳುವುದು, ಕೆಲವರಿಗೆ ಪ್ರಾಣಕ್ಕೇ ಕುತ್ತು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಪರಿಣಾಮ ಇರಬಹುದು. ಲಿವರ್, ಹೃದಯ ಪರೀಕ್ಷೆ ಮಾಡಿ, ಪೇಷೆಂಟಿಗೆ ಎಲ್ಲ ತಿಳಿಸಿ, ಅವರು ಒಪ್ಪಿದರೆ ಮಾತ್ರ ಡಾಕ್ಟರ್ ಕೊಡುತ್ತಾರೆ. ಹಾಗೆ ಕೊಟ್ಟಾಗ ಅದು ಕೆಲವರಿಗೆ ಒಳ್ಳೆಯ ಔಷಧಿ. ಕದ್ದು ಕೊಟ್ಟರೆ ಅಣ್ಣನಿಗೆ ತನ್ನ ಮೈಯಲ್ಲಿ ಏನಿದೆ ಅಂತಲೇ ಗೊತ್ತಿರುವುದಿಲ್ಲ, ಹೊರಗೆ ಹೋಗಿ ಎಂದಿನಂತೆ ಕುಡಿಯುತ್ತಾನೆ. ಹೆಸರಿಲ್ಲದ ಪುಡಿಗಳಲ್ಲಿ ಏನಿದೆ ಎಂದು ಮಾರುವವನೂ ಹೇಳುವುದಿಲ್ಲ.

ಹಂಬಲ ಕಡಿಮೆ ಮಾಡುವ ಬೇರೆ ಔಷಧಿಗಳಿವೆ, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್. ಅವೂ ಡಾಕ್ಟರ್ ನೋಡಿಯೇ ಕೊಡುವಂಥವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಅಣ್ಣ ಬರುವುದಿಲ್ಲ ಅಂದರೆ ಮೊದಲು ನೀವು ಹೋಗಿ ಮಾತಾಡಿ. ಹೊರಡಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ವ್ಯಸನದ ವಿಷಯಕ್ಕೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಹುಬ್ಬಳ್ಳಿ ಅಕ್ಕ ಹೇಳಿದ ಅಲ್-ಅನಾನ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಿ, ಅದಕ್ಕೆ ಅಣ್ಣನ ಒಪ್ಪಿಗೆ ಬೇಕಿಲ್ಲ.

ಮೌನಿ:
ಅಮ್ಮನಿಗೆ ಓದಿ ಹೇಳಿದೆ. ಬೇಡ ಅಂದರು. ನಾಳೆ 14416ಗೆ ಮಾಡುತ್ತೇನೆ.

ಹೆಸರು ಬೇಡ:
ಇಷ್ಟು ಉದ್ದದ ಚರ್ಚೆಯಲ್ಲಿ ಕುಡಿಯುವವರು ಅಂದರೆ ಗಂಡಸರು, ಕಾಯುವವರು ಅಂದರೆ ಹೆಂಗಸರು. ನಾನು ಹೆಂಗಸು, ಕುಡಿಯುತ್ತಿದ್ದವಳು ನಾನೇ. ಬೆಂಗಳೂರು, ಕೆಲಸ, ಇಬ್ಬರು ಮಕ್ಕಳು. ಪಾರ್ಟಿಯಲ್ಲಿ ಕುಡಿಯುತ್ತಿರಲಿಲ್ಲ. ಮಕ್ಕಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತು, ಸ್ಟೀಲ್ ಲೋಟದಲ್ಲಿ. ಸ್ಟೀಲ್ ಲೋಟದಲ್ಲಿ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಬೆಳಗ್ಗೆ ಏಲಕ್ಕಿ ಜಗಿದುಕೊಂಡು ಸ್ಕೂಲ್ ವ್ಯಾನಿನ ಹತ್ತಿರ ನಿಲ್ಲುತ್ತಿದ್ದೆ.

ಸಹಾಯ ಕೇಳಲು ನನಗೆ ಅಷ್ಟು ತಡವಾಗಿದ್ದು ಇದಕ್ಕೇ. ಗಂಡಸು ಕುಡಿದರೆ ಪಾಪ ಏನೋ ಕಷ್ಟ ಅನ್ನುತ್ತಾರೆ. ಹೆಂಗಸು ಕುಡಿದರೆ ಮೊದಲು ಕೇಳುವುದು ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ, ಆಮೇಲೆ ನಡತೆಯ ಮಾತು. ಮೊದಲ ಸಭೆಗೆ ಹೋದಾಗ ಕೋಣೆಯಲ್ಲಿ ನಾನೊಬ್ಬಳೇ ಹೆಂಗಸು. ತುಂಬ ಗೌರವದಿಂದಲೇ ನಡೆಸಿಕೊಂಡರು, ಆದರೂ ಬಾಯಿ ಬರಲಿಲ್ಲ. ಅಲ್ಲಿದ್ದ ಹಿರಿಯರೊಬ್ಬರು ನನ್ನ ನಂಬರ್ ಕೇಳಲಿಲ್ಲ. ಇನ್ನೊಬ್ಬ ಮಹಿಳಾ ಸದಸ್ಯರ ನಂಬರ್ ಬರೆದು ಕೊಟ್ಟರು, ಬೇಕಾದಾಗ ನೀವೇ ಮಾಡಿ ಎಂದರು. ಅದು ದೊಡ್ಡ ವಿಷಯ. ಈಗಲೂ ಆ ಮಹಿಳೆಯೇ ನನ್ನ ಸ್ಪಾನ್ಸರ್, ಅಂದರೆ ಕುಡಿಯದೆ ಇರಲು ಜೊತೆ ನಿಂತು ದಾರಿ ತೋರಿಸುವ ಹಳೆಯ ಸದಸ್ಯರು. ಹೆಂಗಸರಿಗೆ ಮಾತ್ರ ಇರುವ ಆನ್‌ಲೈನ್ ಸಭೆಗಳಿವೆ, ಕ್ಯಾಮೆರಾ ಆಫ್ ಮಾಡಿ ಕೂರಬಹುದು. ಓದುತ್ತಿರುವ ಅಕ್ಕತಂಗಿಯರು ಯಾರಾದರೂ ಇದ್ದರೆ, ನೀವೊಬ್ಬರೇ ಅಲ್ಲ.

ಯಾರಾದರೂ ಗಂಡಸರು ಹೊಸದಾಗಿ ಬಂದ ಹೆಣ್ಣುಮಗಳಿಗೆ ತಾನೇ ದಾರಿ ತೋರಿಸುತ್ತೇನೆ ಎಂದು ಹಿಂದೆ ಬಿದ್ದರೆ ಅಲ್ಲಿಂದ ಎದ್ದು ಬೇರೆ ಗುಂಪಿಗೆ ಹೋಗಿ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಸ್ಪಾನ್ಸರ್ ಆಗುವುದು ರೂಢಿ, ಅದಕ್ಕೆ ಕಾರಣ ಇದೆ.

ನ್ಯೂಜೆರ್ಸಿ ಕನ್ನಡಿಗ:
ಇವರು ಆನ್‌ಲೈನ್ ಎಂದು ಹೇಳಿದ್ದಕ್ಕೆ ನಾನೂ ಸೇರಿಸುತ್ತೇನೆ. ಇಲ್ಲಿ ಸಭೆಗಳಿಗೆ ಬರ ಇಲ್ಲ, ದಿನಕ್ಕೆ ಎಷ್ಟು ಬೇಕಾದರೂ ಇವೆ. ಆದರೆ ಮನೆಯ ಜಗಳ, ಅಪ್ಪನ ಸಿಟ್ಟು, ಊರಲ್ಲಿ ಏನನ್ನುತ್ತಾರೋ ಅನ್ನುವ ಭಯ, ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವಾಗ ಅರ್ಧ ನುಂಗಿಕೊಳ್ಳುತ್ತೇನೆ. ಊರಿನ ಕನ್ನಡ ಗುಂಪಿನವರು ಶನಿವಾರ ಬೆಳಗ್ಗೆ ಆನ್‌ಲೈನ್‌ನಲ್ಲಿ ಕೂತರೆ ನಮಗೆ ಶುಕ್ರವಾರ ರಾತ್ರಿ. ನನಗೆ ಅತಿ ಕಷ್ಟದ ಹೊತ್ತು ಅದೇ, ಹಾಗಾಗಿ ಚೆನ್ನಾಗಿ ಹೊಂದಿತು. ಎಎಯಲ್ಲಿ ಬರುವ ದೇವರ ಮಾತು ಹಿಡಿಸದವರಿಗೆ ಸ್ಮಾರ್ಟ್ ರಿಕವರಿ ಅಂತ ಇನ್ನೊಂದಿದೆ, 1994ರಿಂದ ನಡೆಯುತ್ತಿದೆ. ಹಂಬಲ ಬಂದಾಗ ಏನು ಮಾಡಬೇಕು, ಯೋಚನೆಯನ್ನು ಹೇಗೆ ತಿರುಗಿಸಬೇಕು ಅನ್ನುವ ಅಭ್ಯಾಸಗಳ ಮೇಲೆ ನಡೆಯುತ್ತದೆ. ಅದೂ ಆನ್‌ಲೈನ್ ಸಿಗುತ್ತದೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ.

ನೇರ ಮಾತು:
ಮೇಡಂ ಬರೆದಿದ್ದು ಪೂರ್ತಿ ಓದಿದೆ. ಫಿಟ್ಸ್ ಬರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ದೇವರ ವಿಷಯ ಮಾತ್ರ ನನಗೆ ಈಗಲೂ ಒಪ್ಪಿಗೆ ಇಲ್ಲ. ಕಾಯಿಲೆ ಅಂದಮೇಲೆ ಪ್ರಾರ್ಥನೆ ಯಾಕೆ?

ಕಡಲ ತಡಿಯವ:
ನ್ಯಾಯವಾದ ಪ್ರಶ್ನೆ. ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ಜೊತೆಗೆ "ನಾವು ಅರ್ಥಮಾಡಿಕೊಂಡ ಹಾಗೆ" ಅಂತಲೂ ಬರುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರು ನಾಸ್ತಿಕ ಮೇಷ್ಟ್ರು ಇದ್ದಾರೆ. ತನಗಿಂತ ದೊಡ್ಡ ಶಕ್ತಿ ಅಂದರೆ ಈ ಕೋಣೆಯಲ್ಲಿ ಕೂತಿರುವ ಜನ ಅನ್ನುತ್ತಾರೆ ಅವರು. ಪ್ರಾರ್ಥನೆ ಹೊತ್ತಿಗೆ ಸುಮ್ನೆ ನಿಂತಿರುತ್ತಾರೆ. ಯಾರಿಗೂ ತಕರಾರಿಲ್ಲ. ಔಷಧಿ ಬೇಡ ಎಂದು ಎಎ ಹೇಳುವುದಿಲ್ಲ. ಯಾರಾದರೂ ಸದಸ್ಯ ನಿಮಗೆ ಡಾಕ್ಟರ್ ಕೊಟ್ಟ ಮಾತ್ರೆ ಬಿಡು ಅಂದರೆ ಅದು ಅವನ ಸ್ವಂತ ಮಾತು, ಕಿವಿಗೆ ಹಾಕಿಕೊಳ್ಳಬೇಡಿ.

ಕಲ್ಪತರು ನಾಡಿನವ:
ಹೋಗಿ ಬಂದೆ. ಹೇಗಿತ್ತು ಎಂದು ಬರೆಯುತ್ತಿದ್ದೇನೆ.

ಸಹಾಯವಾಣಿಗೆ ಫೋನ್ ಮಾಡಿದಾಗ ಎತ್ತಿದವರು ಮೊದಲು ಕೇಳಿದ್ದು "ಊಟ ಆಯ್ತಾ?" ಅಂತ. ಭಾನುವಾರ ಬೆಂಗಳೂರಿನಲ್ಲಿ ಕನ್ನಡ ಸಭೆ ಇದೆ, ಬನ್ನಿ, ಗೇಟಿನ ಹತ್ತಿರ ನಾನು ನಿಂತಿರುತ್ತೇನೆ ಎಂದರು. ರೈಲಿನಲ್ಲಿ ಹೋದೆ. ಒಂದು ಶಾಲೆಯ ಕೋಣೆ. ಮಕ್ಕಳ ಬೆಂಚುಗಳನ್ನು ಗೋಡೆಗೆ ಸರಿಸಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬೋರ್ಡಿನ ಮೇಲೆ ಹಿಂದಿನ ದಿನದ ಮಗ್ಗಿ ಹಾಗೇ ಇತ್ತು. ಮೇಜಿನ ಮೇಲೆ ಒಂದು ಬ್ಯಾನರ್, ಬಿಸ್ಕೆಟ್ ತಟ್ಟೆ, ಟೀ ಫ್ಲಾಸ್ಕ್. ನಾನು ಅಲ್ಲಿ ಅಳುಬುರುಕರನ್ನು, ಸೋತವರನ್ನು ನೋಡುತ್ತೇನೆ ಅಂದುಕೊಂಡಿದ್ದೆ. ಇಸ್ತ್ರಿ ಅಂಗಿ ಹಾಕಿದವರು, ಆಟೋ ಓಡಿಸುವವರು, ರಿಟೈರ್ ಆದವರು, ಕಾಲೇಜು ಮುಗಿಸಿದ ಹುಡುಗ. ಬಸ್ಸಿನಲ್ಲಿ ಕಾಣುವಂಥ ಜನ.

ಮೊದಲು ಒಂದು ನಿಮಿಷ ಮೌನ, ಆಮೇಲೆ ಏನೋ ಓದಿದರು, ಆಮೇಲೆ ಒಬ್ಬೊಬ್ಬರೇ ಮಾತಾಡಿದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನನಗೆ ಇದು ಹೊಸದು. ನಮ್ಮ ಮನೆಯಲ್ಲಿ ಕುಡಿತದ ಮಾತು ಎತ್ತಿದರೆ ಹತ್ತು ಜನ ಬುದ್ಧಿ ಹೇಳುತ್ತಾರೆ. ಆಟೋದವರೊಬ್ಬರು ಅಂದರು, ಬೆಳಗ್ಗೆ ಅಂಗಡಿ ಶಟರ್ ಎತ್ತುವ ಮೊದಲೇ ಹೋಗಿ ನಿಲ್ಲುತ್ತಿದ್ದೆ, ಶಟರಿನ ಸದ್ದು ಕೇಳಿದರೇ ನಡುಕ ಅರ್ಧ ಕಡಿಮೆಯಾಗುತ್ತಿತ್ತು ಅಂತ. ನಾನು ಯಾರಿಗೂ ಹೇಳದ ವಿಷಯ ಅದು. ಶಟರಿನ ಸದ್ದು.

ನನ್ನ ಸರದಿ ಬಂದಾಗ ಹೆಸರು ಹೇಳಿದೆ, ಊರು ಹೇಳಿದೆ, ಅಲ್ಲಿಗೇ ನಿಲ್ಲಿಸಿದೆ. ಎಲ್ಲರೂ ನನ್ನ ಹೆಸರು ಹಿಡಿದು ನಮಸ್ಕಾರ ಅಂದರು. ಮುಗಿದ ಮೇಲೆ ಒಂದು ಚೀಟಿಯಲ್ಲಿ ಐದಾರು ಜನ ಫೋನ್ ನಂಬರ್ ಬರೆದು ಕೊಟ್ಟರು. "ಕುಡಿಯುವ ಮೊದಲು ಮಾಡು, ಕುಡಿದ ಮೇಲೆ ಮಾಡಿದರೂ ಪರವಾಗಿಲ್ಲ, ಆದರೆ ಮೊದಲು ಮಾಡಿದರೆ ಮಾತಾಡುವುದಕ್ಕೆ ಜಾಸ್ತಿ ಇರುತ್ತದೆ" ಎಂದರು ಒಬ್ಬರು.

ಹರಾಜಿನ ದಿನ ಸಂಜೆ ಮಂಡಿಯ ಹಿಂದಿನಿಂದ ಕರೆದರು. ಲೆಕ್ಕದ ಪುಸ್ತಕ ಮುಚ್ಚಿ, ಹೊರಗೆ ಬಂದು, ತೆಂಗಿನಕಾಯಿ ಸಿಪ್ಪೆ ರಾಶಿಯ ಪಕ್ಕ ನಿಂತು ಆಟೋದವರಿಗೆ ಫೋನ್ ಮಾಡಿದೆ. ಬಾಡಿಗೆಯಲ್ಲಿದ್ದರು, ಪ್ಯಾಸೆಂಜರ್ ಇಳಿಸಿ ವಾಪಸ್ ಮಾಡಿದರು. ಸಭೆಯ ಮಾತು ಏನೂ ಆಡಲಿಲ್ಲ, ಕೊಬ್ಬರಿ ರೇಟು ಕೇಳಿದರು. ಮಾತಾಡುತ್ತಾ ಮಾತಾಡುತ್ತಾ ಮನೆ ತಲುಪಿದ್ದೆ.

ಒಂದು ಸಮಸ್ಯೆ ಇದೆ. ಪ್ರತಿ ವಾರ ಬೆಂಗಳೂರಿಗೆ ಹೋಗುವುದು ಕಷ್ಟ, ಒಂದು ದಿನ ಪೂರ್ತಿ ಬೇಕು.

ಹೆಸರು ಬೇಡ:
ಶಟರಿನ ಸದ್ದು ಓದಿ ಮೈ ಜುಂ ಅಂತು. ನೀವು ಹೋಗಿದ್ದಕ್ಕೆ ತುಂಬ ಖುಷಿ ಆಯಿತು.

ಕಡಲ ತಡಿಯವ:
ವಾರದ ಮಧ್ಯೆ ಆನ್‌ಲೈನ್ ಸಭೆ ಹಿಡಿಯಿರಿ, ತಿಂಗಳಲ್ಲಿ ಆದಷ್ಟು ಸಲ ನೇರ ಹೋಗಿ. ಮಲೆನಾಡಿನವರು ಹೇಳಿದ ಸಮಿತಿಯನ್ನೂ ವಿಚಾರಿಸಿ. ಎರಡಕ್ಕೂ ಹೋದರೆ ಯಾರೂ ಬೇಡ ಅನ್ನುವುದಿಲ್ಲ. ಒಂದು ಗುಂಪು ಹಿಡಿಸದಿದ್ದರೆ ಎಎಯೇ ಸರಿ ಇಲ್ಲ ಎಂದು ಬಿಟ್ಟುಬಿಡಬೇಡಿ, ಗುಂಪು ಗುಂಪಿಗೂ ಸ್ವಭಾವ ಬೇರೆ. ಇನ್ನೊಂದು, ತಿಪಟೂರಿನಲ್ಲಿ ನಿಮ್ಮಂಥವರು ಇನ್ನೊಬ್ಬರು ಸಿಕ್ಕರೆ ಅಲ್ಲೇ ಸಭೆ ಶುರು ಮಾಡಬಹುದು. ಇಬ್ಬರು ಮೂವರಿದ್ದರೂ ಸಾಕು. ಬೆಂಗಳೂರಿನವರು ಬಂದು ನಡೆಸಿಕೊಡುತ್ತಾರೆ, ಪುಸ್ತಕ ಪತ್ರ ಕೊಡುತ್ತಾರೆ. ಅವಸರ ಇಲ್ಲ. ಮೊದಲು ನೀವು ಸ್ವಲ್ಪ ಕಾಲ ಗಟ್ಟಿಯಾಗಿ.

ರೈಲು ದಾರಿ:
ನಾನು ಅರಸೀಕೆರೆಯವನು. ಹೊಸ ಅಕೌಂಟ್ ಮಾಡಿದ್ದು ಇದಕ್ಕೇ. ತಿಪಟೂರಿನ ಅಣ್ಣಾ, ಮುಂದಿನ ಭಾನುವಾರ ನೀವು ಹೋಗುವುದಾದರೆ ಅದೇ ರೈಲಿಗೆ ನಾನೂ ಹತ್ತಲಾ? ನಾನು ಇನ್ನೂ ಕುಡಿಯುತ್ತಿದ್ದೇನೆ. ಇವತ್ತೂ ಕುಡಿದಿದ್ದೇನೆ. ನಾಳೆಯಿಂದ ನಿಲ್ಲಿಸಿ ಬರುತ್ತೇನೆ.

ಸಮಾಜಕಾರ್ಯ ಓದಿದವಳು:
ನಾಳೆಯೇ ಒಮ್ಮೆಲೇ ನಿಲ್ಲಿಸಬೇಡಿ. ಬೆಳಗ್ಗೆ ಕೈ ನಡುಗುತ್ತದಾ? ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದೆಯಾ? ಎಷ್ಟು ಕುಡಿಯುತ್ತೀರಿ ಎಂದು ಇಲ್ಲಿ ಬರೆಯಬೇಕಿಲ್ಲ, ಡಾಕ್ಟರಿಗೆ ಹೇಳಿದರೆ ಸಾಕು. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ, ಬೆಳಗ್ಗೆ ಓಪಿಡಿಗೆ ಹೋಗಿ. ಮನೆಯವರು ಒಬ್ಬರು ಜೊತೆಗಿರಲಿ.

ರೈಲು ದಾರಿ:
ನಡುಗುತ್ತದೆ. ಫಿಟ್ಸ್ ಒಂದು ಸಲ ಬಂದಿತ್ತು. ಅದಕ್ಕೇ ಬಂದಿದ್ದು ಎಂದು ಗೊತ್ತಿರಲಿಲ್ಲ. ತಂಗಿ ಇದ್ದಾಳೆ, ಅವಳಿಗೆ ಹೇಳುತ್ತೇನೆ.

ಕಲ್ಪತರು ನಾಡಿನವ:
ಅಣ್ಣಾ, ಮೇಡಂ ಹೇಳಿದ ಹಾಗೆ ಮಾಡಿ. ಮೊದಲು ಹಾಸನ. ಅಡ್ಮಿಟ್ ಮಾಡಿಕೊಂಡರೆ ಇರಿ, ವಾರ್ಡಿನಲ್ಲಿ ಮೊದಲ ಮೂರು ರಾತ್ರಿ ಉದ್ದ ಅನ್ನಿಸುತ್ತದೆ, ಆಮೇಲೆ ಸರಿ ಹೋಗುತ್ತದೆ. ನನಗೆ ಮೆಸೇಜ್ ಮಾಡಿ, ನಂಬರ್ ಕೊಡುತ್ತೇನೆ. ಫೋನ್ ಒಳಗೆ ಬಿಟ್ಟರೆ ಸಂಜೆ ಆರಕ್ಕೆ ನಾನೇ ಮಾಡುತ್ತೇನೆ, ಆ ಹೊತ್ತಿಗೆ ಮಂಡಿ ಕೆಲಸ ಮುಗಿದಿರುತ್ತದೆ. ಡಿಸ್ಚಾರ್ಜ್ ಆದ ಮೇಲೆ ಬರುವ ಭಾನುವಾರ ಹೋಗೋಣ. ಅರಸೀಕೆರೆಯಲ್ಲಿ ಹತ್ತಿ ಸೀಟ್ ಹಿಡಿಯಿರಿ, ತಿಪಟೂರಿನಲ್ಲಿ ನಾನು ಹತ್ತುತ್ತೇನೆ.